ಮನೆಮಾತು ಎಂಬ ಏಕವಚನ: ಸೊಲ್ಲಾಪುರ–ಅಕ್ಕಲಕೋಟೆಯ ಕುಟುಂಬ ಸಂಭಾಷಣೆಗಳ ಕುರಿತು

ವಿಜಯಪುರ ಸೀಮೆಯ ಕನ್ನಡದಲ್ಲಿ ‘ಆಯಿ’ ಎಂದರೆ ಅಜ್ಜಿ. ಮರಾಠಿಯಲ್ಲಿ ‘ಆಯಿ’ ಎಂದರೆ ತಾಯಿ. ಎರಡೂ ಭಾಷೆಗಳು ಒಂದೇ ಪಡಸಾಲೆಯಲ್ಲಿ ಕೂಡಿ ಬಾಳುವ ಅಕ್ಕಲಕೋಟೆ ತಾಲೂಕಿನ ಮನೆಯಲ್ಲಿ ಮಗು ‘ಆಯಿ’ ಎಂದು ಕೂಗಿದರೆ ಓಗೊಡಬೇಕಾದವರು ಯಾರು? ನಿಘಂಟಿಗೆ ಇದು ತೊಡಕಿನ ಪ್ರಶ್ನೆ. ಮನೆಯವರಿಗೆ ತೊಡಕೇ ಅಲ್ಲ. ಕೂಗಿದ ದನಿ, ಕೂಗಿದ ಹೊತ್ತು, ಕೇಳಿದ ವಸ್ತು ಇವುಗಳಿಂದಲೇ ಯಾರು ಏಳಬೇಕೆಂದು ತೀರ್ಮಾನವಾಗಿಬಿಡುತ್ತದೆ. ಈಚಿನ ವರ್ಷಗಳಲ್ಲಿ ‘ಮಮ್ಮಿ’ ಎಂಬ ಮೂರನೆಯ ಪದ ಬಂದು ಈ ಗೊಂದಲವನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿದೆ ಎಂಬುದು ಬೇರೆ ಮಾತು.

ಗಡಿನಾಡಿನ ಕನ್ನಡವನ್ನು ಕುರಿತು ನಡೆದಿರುವ ಚರ್ಚೆಗಳಲ್ಲಿ ಇಂಥ ಪಡಸಾಲೆಗಳಿಗೆ ದೊರೆತ ಸ್ಥಾನ ತೀರ ಕಡಿಮೆ. ಶಾಸನಗಳ ಬಗೆಗೆ ಬರಹಗಳಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಸಂಪಾದಿಸಿದ ಕಾರ್ಯ ಎಲ್ಲರಿಗೂ ತಿಳಿದದ್ದೇ. ಶಾಲೆಗಳ ಬಗೆಗೆ ಮನವಿಗಳಿವೆ. ಗಡಿಯ ಬಗೆಗಂತೂ ವರದಿಗಳ ರಾಶಿಯೇ ಇದೆ. ಆದರೆ ಮನೆಯೊಳಗೆ ಯಾರು ಯಾರೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ, ಪ್ರಶ್ನೆ ಒಂದು ಭಾಷೆಯಲ್ಲಿ ಹೊರಟು ಉತ್ತರ ಇನ್ನೊಂದರಲ್ಲಿ ಬಂದಾಗ ಏನಾಗುತ್ತದೆ ಎಂಬುದನ್ನು ‘ಮನೆಮಾತು’ ಎಂಬ ಒಂದು ಪದ ಮುಚ್ಚಿಟ್ಟಿದೆ. ಆ ಪದ ಏಕವಚನ. ಒಂದು ಮನೆ, ಒಂದು ಮಾತು. ಸೊಲ್ಲಾಪುರದಂಥ ನಗರದಲ್ಲಿ ಈ ಏಕವಚನ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸದೆ ಗಡಿ ಕನ್ನಡದ ಉಳಿವು ಅಳಿವಿನ ಬಗ್ಗೆ ತೀರ್ಪು ಕೊಡುವುದು ಅವಸರದ ಕೆಲಸ.

ಈ ಏಕವಚನಕ್ಕೆ ಶಾಸ್ತ್ರೀಯ ಗೌರವ ತಂದುಕೊಟ್ಟದ್ದು ಸೊಲ್ಲಾಪುರಕ್ಕೆ ದೂರವಲ್ಲದ ಒಂದು ಊರಿನ ಅಧ್ಯಯನ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಕೈಗೊಂಡು 1971ರಲ್ಲಿ ಪ್ರಕಟಿಸಿದ ಪ್ರಬಂಧವು ಭಾಷಾಸಂಪರ್ಕದ ಯಾವ ಪಠ್ಯಪುಸ್ತಕದಲ್ಲೂ ತಪ್ಪದೆ ಬರುತ್ತದೆ. ಜೈನರೂ ಲಿಂಗಾಯತರೂ ಆಡುವ ಕನ್ನಡ, ಮುಸಲ್ಮಾನರ ಉರ್ದು, ಊರಿನ ಮರಾಠಿ, ಜೊತೆಗೆ ಅಲ್ಪಸಂಖ್ಯೆಯ ತೆಲುಗು ಹೀಗೆ ಹಲವು ಭಾಷೆಗಳು ಶತಮಾನಗಳ ಕಾಲ ಒತ್ತೊತ್ತಾಗಿ ಬದುಕಿದ ಫಲವಾಗಿ ಅವುಗಳ ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿದೆ, ಪದಗಳು ಮಾತ್ರ ಬೇರೆ ಉಳಿದಿವೆ ಎಂಬುದು ಅವರ ಶೋಧ. ಸೊಪ್ಪು ಕೊಯ್ದು ತಂದ ಸಂಗತಿಯನ್ನು ಹೇಳುವ ಒಂದು ವಾಕ್ಯವನ್ನು ಮೂರು ಭಾಷೆಗಳಲ್ಲಿ ಪದಕ್ಕೆ ಪದ ಹೊಂದಿಸಿ ತೋರಿಸಿದ್ದು ಪ್ರಸಿದ್ಧವಾಗಿದೆ. ವ್ಯಾಕರಣ ಇಷ್ಟು ಬೆರೆತರೂ ಭಾಷೆಗಳು ಏಕೆ ಕರಗಿ ಒಂದಾಗಲಿಲ್ಲ? ಅವರ ಉತ್ತರ ಹೀಗಿದೆ: ಹೊಲ, ಸಂತೆ, ಚಾವಡಿಗಳಲ್ಲಿ ಜನ ಬೆರೆಯುತ್ತಾರೆ, ಅಲ್ಲಿ ಮರಾಠಿ ಯಾರದೂ ಅಲ್ಲದ ನಡುವಣ ಭಾಷೆಯಾಗಿ ನಿಲ್ಲುತ್ತದೆ, ಮನೆ ಮತ್ತು ಜಾತಿಯೊಳಗಿನ ಬದುಕು ಪ್ರತ್ಯೇಕ, ಅಲ್ಲಿ ಆಯಾ ಗುಂಪಿನ ಭಾಷೆಯೇ ನಡೆಯುತ್ತದೆ.

ಈ ಪ್ರಬಂಧದ ವ್ಯಾಕರಣ ವಿಶ್ಲೇಷಣೆಯ ತೀಕ್ಷ್ಣತೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಲ್ಲಿ ಮನೆ ಎಂಬುದು ಕಂಡುಕೊಂಡ ಸಂಗತಿಯಲ್ಲ, ವಾದಕ್ಕೆ ಬೇಕಾದ ಆಧಾರ. ಭಾಷೆಗಳು ಬೇರೆ ಉಳಿದಿವೆ, ಆದ್ದರಿಂದ ಅವು ಬೇರೆಯಾಗಿ ಉಳಿಯಲು ಒಂದು ಸ್ಥಳ ಇರಲೇಬೇಕು, ಆ ಸ್ಥಳ ಮನೆ. ಹೊಸ್ತಿಲು ಇಲ್ಲಿ ಭಾಷೆಯ ಗಡಿಕಲ್ಲಾಗುತ್ತದೆ. ನಾಲ್ಕು ದಶಕಗಳ ಮೇಲೆ ಅದೇ ಊರನ್ನು ಮತ್ತೆ ಅಭ್ಯಸಿಸಿದ ಪುಣೆಯ ಸೋನಲ್ ಕುಲಕರ್ಣಿ–ಜೋಶಿ ಅವರು ಈ ಮಾದರಿಯನ್ನು ಪ್ರಶ್ನಿಸಿದರು. ಭಾಷಾವಾರು ರಾಜ್ಯ ರಚನೆಯ ನಂತರ ಮರಾಠಿಯು ನಡುವಣ ಭಾಷೆಯಾಗಿ ಉಳಿಯದೆ ಮೇಲಿನ ಭಾಷೆಯಾದುದನ್ನು ಅವರು ಎತ್ತಿ ತೋರಿಸಿದ್ದು ಸರಿಯಾಗಿಯೇ ಇದೆ. ಮೇಲಿನ ಭಾಷೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುವುದಿಲ್ಲ. ಶಾಲೆಯ ಚೀಲದಲ್ಲಿ, ದೂರದರ್ಶನದ ಧಾರಾವಾಹಿಯಲ್ಲಿ, ತಲಾಠಿ ಕಚೇರಿಯ ಕಾಗದದಲ್ಲಿ ಅದು ಒಳಗೆ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸೊಸೆಯಾಗಿ ಬರುತ್ತದೆ.

ಕುಪವಾಡದ ಪ್ರಬಂಧ ಬಿಟ್ಟ ಜಾಗ ಇದೇ. ಜಾತಿ ಒಂದಾದರೆ ಭಾಷೆಯೂ ಒಂದೇ ಎಂಬ ಎಣಿಕೆ ಈ ಭಾಗದಲ್ಲಿ ನಡೆಯುವುದಿಲ್ಲ. ಅಕ್ಕಲಕೋಟೆಯ ಲಿಂಗಾಯತ ಮನೆಗೆ ಇಂಡಿಯಿಂದಲೋ ಅಫಜಲಪುರ, ಆಳಂದಗಳಿಂದಲೋ ಹೆಣ್ಣು ತಂದರೆ ಕನ್ನಡ ಬರುತ್ತದೆ. ಅದೇ ಜಾತಿಯ ಹೆಣ್ಣನ್ನು ಲಾತೂರಿನ ಕಡೆಯಿಂದ ತಂದರೆ ಬರುವುದು ಹೆಚ್ಚಾಗಿ ಮರಾಠಿ. ಹೆಣ್ಣು ತರುವ ದಿಕ್ಕು ಮುಂದಿನ ತಲೆಮಾರಿನ ತೊದಲುನುಡಿಯನ್ನು ನಿರ್ಧರಿಸುತ್ತದೆ. ಜನಗಣತಿಯ ವ್ಯಾಖ್ಯೆಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಭಾಷೆ. ಒಂದೇ ಮನೆಯ ಎಲ್ಲರ ಮಾತೃಭಾಷೆಯೂ ಒಂದೇ ಎಂದು ಭಾವಿಸಬಾರದೆಂದು ಗಣತಿದಾರರಿಗೆ ಸೂಚನೆಯೂ ಇದೆ. ಆ ಲೆಕ್ಕದಲ್ಲಿ ಒಂದೇ ಒಲೆಯ ಸುತ್ತ ಉಣ್ಣುವ ಅತ್ತೆಯದು ಕನ್ನಡ, ಸೊಸೆಯದು ಮರಾಠಿ, ಮಗನದು ಕನ್ನಡ, ಮೊಮ್ಮಗನದು ಮರಾಠಿ ಎಂದಾಗಬೇಕು. ನಡೆಯುವುದು ಬೇರೆ. ಬಾಗಿಲಿಗೆ ಬಂದವರಿಗೆ ಯಜಮಾನನು ಇಡೀ ಮನೆಗೆ ಒಂದೇ ಭಾಷೆ ಬರೆಸುತ್ತಾನೆ. ಅದು ಆಡುವ ಭಾಷೆಯಾಗಿರದೆ ತಾವು ಯಾರೆಂದು ಹೇಳಿಕೊಳ್ಳುವ ಗುರುತಾಗಿರುತ್ತದೆ. ಲಛ್‌ಮನ್ ಖೂಬಚಂದಾನಿ ಅವರು ಉತ್ತರ ಭಾರತದ ಗಣತಿಗಳನ್ನು ಮುಂದಿಟ್ಟುಕೊಂಡು ಈ ಹೊಯ್ದಾಟವನ್ನು ವಿವರಿಸಿದ್ದಾರೆ. ಅದನ್ನು ಸೊಲ್ಲಾಪುರದ ಓಣಿಗಳಿಗೆ ಅನ್ವಯಿಸಿ ನೋಡುವ ಕೆಲಸ ಬಾಕಿ ಇದೆ.

ಮರಾಠಿ ತವರಿನ ಸೊಸೆ ಕನ್ನಡದ ಅತ್ತೆಯೊಡನೆ ಮಾತಿಗೆ ಕುಳಿತಾಗ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಪದವನ್ನು ನೋಡಬಹುದು: ‘ನಮ್ಮ’. ಮರಾಠಿಯಲ್ಲಿ ‘ಆಮ್ಹೀ’ ಬೇರೆ, ‘ಆಪಣ’ ಬೇರೆ. ಕೇಳುತ್ತಿರುವವರನ್ನು ಹೊರಗಿಟ್ಟು ಆಡುವ ‘ನಾವು’ ಮೊದಲನೆಯದು. ಒಳಗೊಂಡು ಆಡುವ ‘ನಾವು’ ಎರಡನೆಯದು. ಈ ಭೇದ ಆರ್ಯ ಕುಲದ ಮರಾಠಿಗೆ ದ್ರಾವಿಡ ನೆರೆಯಿಂದ ಬಂತೆಂದು ವಿದ್ವಾಂಸರು ಹೇಳುತ್ತಾರೆ; ತೆಲುಗಿನಲ್ಲಿ, ತಮಿಳಿನಲ್ಲಿ ಅದು ಇಂದಿಗೂ ಇದೆ. ವಿಚಿತ್ರವೆಂದರೆ ಇಂದಿನ ಕನ್ನಡದಲ್ಲಿ ಇಲ್ಲ. ಸೊಸೆ ಮರಾಠಿಯಲ್ಲಿ ‘ಆಮಚ್ಯಾಕಡೆ’ ಎಂದರೆ ತವರಿನ ಕಡೆ, ‘ಆಪಲ್ಯಾಕಡೆ’ ಎಂದರೆ ಈ ಮನೆಯಲ್ಲಿ, ಅನುಮಾನಕ್ಕೆ ಎಡೆಯಿಲ್ಲ. ಅವಳು ಕನ್ನಡ ಕಲಿತು ‘ನಮ್ಮ ಕಡೆ ಹೋಳಿಗಿಗೆ ಬೆಲ್ಲ ಕಡಿಮಿ ಹಾಕ್ತಾರ’ ಎಂದಾಗ ಅತ್ತೆ ಏನೆಂದು ತಿಳಿಯಬೇಕು? ಮದುವೆಯಾಗಿ ಹತ್ತು ವರ್ಷವಾದ ಮೇಲೂ ‘ನಮ್ಮ ಕಡೆ’ ತವರೇ ಆಗಿದ್ದರೆ ಅದು ಮುನಿಸಿಗೆ ಕಾರಣ. ಈ ಮನೆಯೇ ಆಗಿದ್ದರೆ ಅಡುಗೆಯ ಮೇಲೆ ಅಧಿಕಾರ ಸಾಧಿಸಿದಂತೆ. ಕನ್ನಡವನ್ನು ಚೆನ್ನಾಗಿ ಕಲಿತ ಸೊಸೆಗೇ ಈ ಇಕ್ಕಟ್ಟು ಬರುತ್ತದೆ, ಕಲಿಯದವಳಿಗೆ ಬರುವುದಿಲ್ಲ. ಮಾತಿನ ನಡುವೆ ಅವಳು ಥಟ್ಟನೆ ಮರಾಠಿಯ ‘ಆಪಲ್ಯಾ’ ಎಂಬುದನ್ನು ತಂದಿಟ್ಟರೆ ಅದನ್ನು ಕನ್ನಡದ ಕೊರತೆ ಎಂದು ಎಣಿಸುವ ಭಾಷಾವಿಜ್ಞಾನಿ ಏನನ್ನೂ ಕೇಳಿಸಿಕೊಂಡಿಲ್ಲ. ಅತ್ತೆಯನ್ನು ಒಳಗೆ ಸೇರಿಸಿಕೊಳ್ಳಲು ಅವಳಿಗೆ ಆ ಪದವೇ ಬೇಕಾಗಿತ್ತು.

ಸಂಬಂಧವಾಚಕಗಳಲ್ಲಿ ಈ ಕೊಡುಕೊಳ್ಳುವಿಕೆ ಇನ್ನೂ ಹಳೆಯದು. ಕಾಕಾ, ಮಾವಶಿ, ವೈನಿ ಇವು ಮರಾಠಿಯಿಂದ ಬಂದು ಉತ್ತರ ಕರ್ನಾಟಕದ ಕನ್ನಡದಲ್ಲಿ ನೆಲೆಸಿವೆ. ಅಕ್ಕ, ಅಣ್ಣ, ಅಪ್ಪ ಇವು ಕನ್ನಡದ ಕಡೆಯಿಂದ ಹೋಗಿ ಮರಾಠಿಯ ಮನೆಗಳಲ್ಲಿ ಗೌರವದ ಹೆಸರುಗಳಾಗಿವೆ. ಅಣ್ಣನ ಹೆಂಡತಿಯನ್ನು ‘ವೈನಿ’ ಎಂದು ಕರೆಯುವ ಧಾರವಾಡದವನು ತಾನು ಮರಾಠಿ ಆಡಿದೆ ಎಂದುಕೊಳ್ಳುವುದಿಲ್ಲ. ‘ಅಕ್ಕಾ’ ಎನ್ನುವ ಪಂಢರಪುರದವಳು ಕನ್ನಡ ಆಡಿದೆ ಎಂದುಕೊಳ್ಳುವುದಿಲ್ಲ. ಭಾಷಾಶುದ್ಧಿಯ ಪ್ರತಿಪಾದಕರು ಗಡಿಯ ಮಾತನ್ನು ‘ಕಲಬೆರಕೆ’ ಎನ್ನುವಾಗ ಈ ಹಳೆಯ ಬೆರಕೆಯನ್ನು ಶುದ್ಧವೆಂದೂ ನಿನ್ನೆಯ ಬೆರಕೆಯನ್ನು ಕೆಟ್ಟದ್ದೆಂದೂ ಎಣಿಸುತ್ತಾರೆ. ಕಾಲದ ಅಂತರವನ್ನು ಬಿಟ್ಟರೆ ಅದಕ್ಕೆ ಬೇರೆ ಆಧಾರ ಕಾಣುವುದಿಲ್ಲ.

ಸೊಲ್ಲಾಪುರ ನಗರದ ಮಾತೇ ಬೇರೆ. ಗಿರಣಿ, ಕೈಮಗ್ಗಗಳ ಆಸರೆಗೆ ಬಂದ ಪದ್ಮಶಾಲಿ ನೇಕಾರರ ತೆಲುಗು, ಮುಸಲ್ಮಾನರ ದಖನಿ, ಸುತ್ತಲ ಹಳ್ಳಿಗಳ ಕನ್ನಡ, ಆಡಳಿತದ ಮರಾಠಿ ಅಲ್ಲಿ ಒಂದೇ ಗಲ್ಲಿಯಲ್ಲಿ ಕೇಳುತ್ತವೆ. ಅಲ್ಲಿನ ತೆಲುಗು ಮನೆಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅದಕ್ಕೆ ಪ್ರತ್ಯೇಕ ಅಧ್ಯಯನವೇ ಬೇಕು.

ಮೂರು ತಲೆಮಾರು ಕೂಡಿದ ಮನೆಯ ಮಾತನ್ನು ಸೂಕ್ಷ್ಮವಾಗಿ ಕೇಳಿದ ಒಂದು ಮಾದರಿ ಇದೆ. ಅದು ಬಂದಿರುವುದು ಇಂಗ್ಲೆಂಡಿನಲ್ಲಿ ನೆಲೆಸಿದ ಚೀನೀ ಕುಟುಂಬಗಳಿಂದ. ಟೈನ್‌ಸೈಡ್ ಪ್ರದೇಶದ ಹತ್ತು ಕುಟುಂಬಗಳನ್ನು ಅಭ್ಯಸಿಸಿ ಲೀ ವೇ 1994ರಲ್ಲಿ ಹೊರತಂದ ಗ್ರಂಥದ ಹೆಸರೇ ಮೂರು ತಲೆಮಾರು, ಎರಡು ಭಾಷೆ, ಒಂದು ಕುಟುಂಬ ಎಂದು. ಅಜ್ಜ ಅಜ್ಜಿಯರದು ಚೀನೀ, ಮೊಮ್ಮಕ್ಕಳದು ಇಂಗ್ಲಿಷು, ನಡುವಿನವರದು ಎರಡೂ. ಇಷ್ಟು ಯಾರಾದರೂ ಊಹಿಸಬಹುದಾದದ್ದು. ಊಹಿಸಲಾಗದ ಎರಡು ಸಂಗತಿಗಳು ಆ ಗ್ರಂಥದಲ್ಲಿವೆ. ಒಂದು, ಮಕ್ಕಳು ಭಾಷೆ ಬದಲಿಸುವುದು ಬಾರದ ಕಾರಣಕ್ಕೆ ಮಾತ್ರವಲ್ಲ. ಹಿರಿಯರು ಬಯಸಿದ ಉತ್ತರ ಕೊಡಲು ಮನಸ್ಸಿಲ್ಲದಾಗ, ನಿರಾಕರಿಸುವಾಗ, ತಡಮಾಡುವಾಗ ಅವರು ಭಾಷೆ ಬದಲಿಸುತ್ತಾರೆ. ಮಾತಿನಲ್ಲಿ ಒಪ್ಪಿಗೆ ಇಲ್ಲ ಎಂಬುದನ್ನು ಭಾಷೆಯ ಬದಲಾವಣೆಯೇ ಮೊದಲು ತಿಳಿಸುತ್ತದೆ. ಎರಡು, ಆಪ್ ಚೌ ಎಂಬ ದ್ವೀಪದಿಂದ ಬಂದ ಕುಟುಂಬಗಳ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಚೀನೀ ಉಳಿಸಿಕೊಂಡಿದ್ದರು. ಆ ದ್ವೀಪದವರೆಲ್ಲ ಒಂದೇ ಚರ್ಚಿಗೆ ಸೇರಿದವರು, ವಾರವಾರ ಅಲ್ಲಿ ಕೂಡುವವರು. ಮನೆಯೊಳಗಿನ ಭಾಷೆಯನ್ನು ಕಾಪಾಡಿದ್ದು ಮನೆಯ ಹೊರಗಿನ ಬಳಕೆ.

ಮೊದಲನೆಯದನ್ನು ಅಕ್ಕಲಕೋಟೆಯ ಊಟದ ಹೊತ್ತಿಗೆ ತಂದು ನೋಡಿದರೆ ಅದು ಅಪರಿಚಿತವೆನಿಸುವುದಿಲ್ಲ. ‘ಉಣ್ಲಾಕ ಬಾರೊ’ ಎಂದು ಅಜ್ಜಿ ಕರೆಯುತ್ತಾಳೆ. ‘ನಂತರ ಜೇವತೋ’ ಎಂದು ಮೊಮ್ಮಗ ಮೊಬೈಲಿನಿಂದ ಕಣ್ಣೆತ್ತದೆ ಹೇಳುತ್ತಾನೆ. ‘ಆರಿ ಹೋಗ್ತದ, ಈಗ ಬಾ.’ ‘ನಕೋ ಮ್ಹಟಲಂ ನಾ.’ ಬೇಡವೆಂದೆನಲ್ಲ ಎಂಬ ಈ ಕಡುನುಡಿಯನ್ನು ಅಜ್ಜಿಯ ಭಾಷೆಯಲ್ಲಿ ಅಜ್ಜಿಗೆ ಹೇಳುವುದು ಅವನಿಂದ ಆಗುವುದಿಲ್ಲ. ಮರಾಠಿ ಅವನಿಗೆ ಒಂದು ಹೆಜ್ಜೆ ದೂರ ಒದಗಿಸುತ್ತದೆ. ಅರ್ಧ ಗಂಟೆಯ ಮೇಲೆ ಅಂಗಡಿಗೆ ಓಡಲು ದುಡ್ಡು ಬೇಕಾದಾಗ ಅವನೇ ಬಂದು ‘ಆಯಿ, ಹತ್ತ ರೂಪಾಯಿ ಕೊಡವಾ’ ಎನ್ನುತ್ತಾನೆ. ಆ ಹುಡುಗನನ್ನು ‘ಕನ್ನಡ ಬಾರದವನು’ ಎಂದು ಯಾವ ಪಟ್ಟಿಯಲ್ಲಿ ಬರೆಯಬೇಕು? ಅಜ್ಜಿಯ ಪ್ರತಿ ಮಾತೂ ಅವನಿಗೆ ಅರ್ಥವಾಗುತ್ತದೆ. ಅರ್ಥವಾಗುತ್ತದೆಂದು ಅಜ್ಜಿಗೂ ಗೊತ್ತಿದೆ, ಆದ್ದರಿಂದಲೇ ಅವಳು ಭಾಷೆ ಬದಲಿಸುವುದಿಲ್ಲ. ಕೇಳಿ ತಿಳಿಯುವ, ಆದರೆ ಅಪರೂಪಕ್ಕೆ ಆಡುವ ಈ ತಲೆಮಾರು ಗಡಿ ಕನ್ನಡದ ಲೆಕ್ಕಪತ್ರಗಳಲ್ಲಿ ಎಲ್ಲೂ ಇಲ್ಲ. ಶಾಲೆಯ ಹಾಜರಿಯಲ್ಲಿ ಅವರು ಮರಾಠಿ ಮಾಧ್ಯಮದವರು ಅಥವಾ ಇಂಗ್ಲಿಷ್ ಮಾಧ್ಯಮದವರು. ಹೋರಾಟದ ಭಾಷಣಗಳಲ್ಲಿ ಅವರು ‘ಕಳೆದುಹೋದವರು’.

ಕಳೆದುಹೋದವರು ಎಂಬ ಮಾತು ನಿಜವಾಗಿದ್ದರೆ ಸೊಲ್ಲಾಪುರವು ಜಯದೇವಿತಾಯಿ ಲಿಗಾಡೆಯವರನ್ನು ಕನ್ನಡಕ್ಕೆ ಕೊಡುತ್ತಿರಲಿಲ್ಲ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡ ಅಕ್ಷರಗಳನ್ನು ಸ್ವಂತ ಪ್ರಯತ್ನದಿಂದ ಆಮೇಲೆ ಕೈವಶ ಮಾಡಿಕೊಂಡರು. ಎರಡೂ ಭಾಷೆಗಳಲ್ಲಿ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಆ ಪೀಠವೇರಿದ ಮೊದಲ ಮಹಿಳೆ ಅವರು. ವಿಮರ್ಶಕರು ಇದನ್ನು ಛಲದ ಕಥೆಯಾಗಿ ಹೇಳುತ್ತ ಬಂದಿದ್ದಾರೆ: ಮರಾಠಿ ಕಲಿತವಳು ಕನ್ನಡವನ್ನು ಗೆದ್ದುಕೊಂಡಳು ಎಂದು. ಆದರೆ ಅವರು ಆರಿಸಿಕೊಂಡ ಛಂದಸ್ಸು ಬೇರೆ ಸುಳಿವು ಕೊಡುತ್ತದೆ. ಸಿದ್ಧರಾಮೇಶ್ವರನ ಪುರಾಣವನ್ನು ಅವರು ಷಟ್ಪದಿಯಲ್ಲಿ ಬರೆಯಲಿಲ್ಲ, ತ್ರಿಪದಿಯಲ್ಲಿ ಬರೆದರು. ತ್ರಿಪದಿ ಬೀಸುಕಲ್ಲಿನ ಮುಂದೆ ಕೇಳಿಸುವ ಮಟ್ಟು, ಅಕ್ಷರ ಬಾರದ ಹೆಂಗಸರ ಮಟ್ಟು. ಅವರ ಸಂಕಲನವೊಂದರ ಹೆಸರೇ ‘ತಾಯಿಯ ಪದಗಳು’. ಓದಿ ಕಲಿತ ಕನ್ನಡಕ್ಕಿಂತ ಮೊದಲು ಕಿವಿಯಲ್ಲಿ ಉಳಿದ ಕನ್ನಡವೊಂದು ಅಲ್ಲಿ ಇತ್ತೆಂದು ಈ ಆಯ್ಕೆಯಿಂದ ಊಹಿಸುವುದು ಅತಿಯಾಗಲಾರದು. ಕೇಳಿಸಿಕೊಂಡ ಭಾಷೆ ವರ್ಷಾನುಗಟ್ಟಲೆ ಸುಮ್ಮನಿದ್ದು ಮತ್ತೆ ಬಾಯಿಗೆ ಬರಬಲ್ಲದು.

ಆದರೆ ಈ ನಿದರ್ಶನವನ್ನು ಹಿಡಿದು ಸಮಾಧಾನಪಟ್ಟುಕೊಳ್ಳುವುದು ತಪ್ಪಾದೀತು. ಲೀ ವೇ ಅವರ ಎರಡನೆಯ ಸಂಗತಿ ಇಲ್ಲಿ ಎದುರು ನಿಲ್ಲುತ್ತದೆ. ಜಯದೇವಿತಾಯಿಯವರ ಕಾಲದಲ್ಲಿ ಮನೆಯ ಮಾತಿಗೆ ಹೊರಗಿನ ಆಸರೆಗಳಿದ್ದವು: ಮಠದ ಪುರಾಣ, ಶ್ರಾವಣದ ಪ್ರವಚನ, ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆ ಭೀಮೆಯ ಆಚೆಯಿಂದ ಬಂದು ಇಳಿದುಕೊಳ್ಳುವ ಬೀಗರು. ಆಪ್ ಚೌ ಕುಟುಂಬಗಳಿಗೆ ಚರ್ಚು ಮಾಡಿದ ಕೆಲಸವನ್ನು ಇವು ಮಾಡುತ್ತಿದ್ದವು. ಇಂದೂ ಏಳು ನಂದಿಧ್ವಜಗಳು ಏಳುತ್ತವೆ, ಬೀಗರೂ ಬರುತ್ತಾರೆ. ಆದರೆ ಅಲ್ಲಿ ಕೂಡಿದ ಹುಡುಗರು ತಮ್ಮ ತಮ್ಮಲ್ಲಿ ಆಡುವ ಭಾಷೆ ಯಾವುದು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಅಜ್ಜಿಯೊಡನೆ ಕನ್ನಡ ಉಳಿಯುವುದು ಒಂದು ಪ್ರಶ್ನೆ, ಒಂದೇ ವಯಸ್ಸಿನವರ ನಡುವೆ ಉಳಿಯುವುದು ಇನ್ನೊಂದು. ಮೇಲಕ್ಕೆ ಮಾತ್ರ ಆಡುವ ಭಾಷೆ, ಅಂದರೆ ಹಿರಿಯರಿಗೆ ಉತ್ತರವಾಗಿ ಮಾತ್ರ ಹೊರಡುವ ಭಾಷೆ, ಆ ಹಿರಿಯರು ತೀರಿಹೋದ ದಿನ ಆಡಲು ಯಾರೂ ಇಲ್ಲದಂತಾಗುತ್ತದೆ. ಸಿಂಗಪುರದಲ್ಲಿ 1979ರಿಂದ ಸರ್ಕಾರವೇ ಮುಂದೆ ನಿಂತು ಚೀನೀ ಮನೆಗಳಲ್ಲಿ ಮ್ಯಾಂಡರಿನ್ ನಡೆಯಬೇಕೆಂದು ಪ್ರಚಾರ ಮಾಡಿದಾಗ ಹೊಕ್ಕಿಯೆನ್, ತಿಯೋಚ್ಯು ಆಡುತ್ತಿದ್ದ ಅಜ್ಜಿಯರು ಮೊಮ್ಮಕ್ಕಳೊಡನೆ ಮಾತಿಲ್ಲದೆ ಉಳಿದರು. ಹೊಸ ಭಾಷೆಯೂ ಚೀನೀಯೇ, ತಮ್ಮದೇ ಎಂಬ ಭಾವನೆಯಿಂದ ಆ ನಷ್ಟ ಎಷ್ಟೋ ಕಾಲ ಗಮನಕ್ಕೇ ಬರಲಿಲ್ಲ. ಗಡಿಯ ಕನ್ನಡ ಮಕ್ಕಳಿಗೆ ಪುಸ್ತಕದ ಕನ್ನಡವನ್ನು ಮಾತ್ರ ಕಲಿಸಿ ಮನೆಯ ‘ಉಣ್ಲಾಕ’ ‘ಹೋಗ್ಲಾಕ’ಗಳನ್ನು ತಿದ್ದುವ ಉತ್ಸಾಹಿಗಳು ಈ ಉದಾಹರಣೆಯನ್ನು ನೆನೆಯಬೇಕು. ಮಹಾರಾಷ್ಟ್ರದ ಬಾಲಭಾರತಿ ಕನ್ನಡ ಪಠ್ಯಗಳನ್ನು ಅಚ್ಚು ಹಾಕುತ್ತಿದೆ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಶಾಲೆಗಳು ನಡೆಯುತ್ತಿವೆ. ಆ ಪಠ್ಯದ ಕನ್ನಡಕ್ಕೂ ಮೈಂದರಗಿ, ದುಧನಿಗಳ ಅಡುಗೆಮನೆಯ ಕನ್ನಡಕ್ಕೂ ಇರುವ ಅಂತರವನ್ನು ಕನ್ನಡ ಮರಾಠಿಗಳ ಅಂತರಕ್ಕಿಂತ ಸಣ್ಣದೆಂದು ಮಗು ಭಾವಿಸಲೇಬೇಕಾಗಿಲ್ಲ.

ಸಾಹಿತ್ಯ ವಿಮರ್ಶೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಮನೆಯಲ್ಲಿ ಮರಾಠಿ, ತರಗತಿಯಲ್ಲಿ ಕನ್ನಡ, ಊರಿನಲ್ಲಿ ಮತ್ತೆ ಮರಾಠಿ. ಅದೇ ನಗರದಲ್ಲಿ ಜಯದೇವಿತಾಯಿಯವರದು ಇದರ ತಿರುವು: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಇಬ್ಬರನ್ನೂ ಕನ್ನಡ ವಿಮರ್ಶೆ ಓದಿದ್ದು ಕನ್ನಡದ ಕವಿಗಳೆಂದು ಮಾತ್ರ. ಮಾಸ್ತಿಯವರ ತಮಿಳು ಮನೆ, ಯಶವಂತ ಚಿತ್ತಾಲರ ಕೊಂಕಣಿ ಮನೆ ಇವೂ ಕನ್ನಡ ಪುಟಕ್ಕೆ ಬರುವ ಮೊದಲೇ ಅನುವಾದವಾಗಿ ಬಂದಿವೆ. ಎ. ಕೆ. ರಾಮಾನುಜನ್ ಅವರೊಬ್ಬರು ಮೈಸೂರಿನ ತಮ್ಮ ಮನೆಯನ್ನು ಅಂತಸ್ತುಗಳಾಗಿ ವಿಂಗಡಿಸಿ ತೋರಿಸಿದರು: ಕೆಳಗೆ ತಾಯಿಯೊಡನೆ ತಮಿಳು, ಮಾಳಿಗೆಯಲ್ಲಿ ತಂದೆಯೊಡನೆ ಇಂಗ್ಲಿಷು, ಬೀದಿಯಲ್ಲಿ ಕನ್ನಡ. ಚೆಲುವಾದ ಚಿತ್ರ, ಆದರೆ ಅದೂ ಒಂದು ಜಾಗಕ್ಕೆ ಒಂದು ಭಾಷೆ ಎಂಬ ಲೆಕ್ಕವೇ. ಮೆಟ್ಟಿಲ ಮೇಲೆ ನಿಂತು ಆಡಿದ ಮಾತು ಯಾವುದಾಗಿತ್ತು?

ಮಹಾಜನ ಆಯೋಗವು 1967ರಲ್ಲಿ ಅಕ್ಕಲಕೋಟೆ, ಜತ್ತಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಆ ವಾದ ವಿವಾದದಲ್ಲಿ ಎರಡೂ ಕಡೆಯವರಿಗೆ ಬೇಕಾಗಿದ್ದುದು ಪ್ರತಿ ಮನೆಯ ಮೇಲೆ ಒಂದು ಭಾಷೆಯ ಹೆಸರು. ಆ ಅಗತ್ಯವನ್ನು ಅರ್ಥ ಮಾಡಿಕೊಳ್ಳಬಹುದು, ಹಕ್ಕು ಕೇಳುವವರಿಗೆ ಎಣಿಕೆ ಬೇಕೇ ಬೇಕು. 2020ರ ಕಾಯ್ದೆಯ ಮೂಲಕ ಮಹಾರಾಷ್ಟ್ರವು ಎಲ್ಲ ಮಾಧ್ಯಮಗಳ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯಗೊಳಿಸಿರುವಾಗ ಕನ್ನಡ ಶಾಲೆಯ ಪರವಾಗಿ ವಾದಿಸುವವರು ಸಂಖ್ಯೆಯನ್ನು ಬಿಟ್ಟುಕೊಡಲಾರರು. ಆದರೆ ಸಂಶೋಧನೆಗೆ ಆ ಬಂಧನವಿಲ್ಲ. ಗಡಿ ಕನ್ನಡದ ಹೆಸರಿನಲ್ಲಿ ಬಂದಿರುವ ಪದಪಟ್ಟಿಗಳು, ಉಪಭಾಷಾ ವಿವರಣೆಗಳು ಬಹುತೇಕ ಒಬ್ಬ ಹಿರಿಯ ಮಾತುಗಾರನನ್ನು ಕೂರಿಸಿ ‘ಇದಕ್ಕೆ ಏನಂತೀರಿ’ ಎಂದು ಕೇಳಿ ಸಂಗ್ರಹಿಸಿದವು. ಕೇಳಿದ ಪ್ರಶ್ನೆ ಕನ್ನಡದಲ್ಲಿ, ಬಂದ ಉತ್ತರವೂ ಕನ್ನಡದಲ್ಲಿ. ಆ ಮನೆಯಲ್ಲಿ ಮರಾಠಿ ಇದೆಯೆಂಬುದೇ ಧ್ವನಿಮುದ್ರಣದಿಂದ ತಿಳಿಯುವುದಿಲ್ಲ. ಸಂಶೋಧಕ ಹೊರಟುಹೋದ ಮೇಲೆ, ದೀಪ ಹಚ್ಚಿ, ಸೊಸೆ ರೊಟ್ಟಿ ಬಡಿಯಲು ಕುಳಿತಾಗ, ಮೊಮ್ಮಗ ಟ್ಯೂಷನ್ನಿನಿಂದ ಬಂದಾಗ ಶುರುವಾಗುವ ಮಾತನ್ನು ಮುದ್ರಿಸಿಕೊಂಡವರಿಲ್ಲ.

ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಅಂಕಣ, ಬಲ್ಲ ಇತರ ಭಾಷೆಗಳಿಗೆ ಇನ್ನೆರಡು ಜಾಗ ಇವೆ. ಆ ಹುಡುಗನ ಮಾತೃಭಾಷೆ, ತಾಯಿ ಆಡಿದ ಭಾಷೆಯ ಲೆಕ್ಕದಲ್ಲಿ, ಮರಾಠಿ. ಬಲ್ಲ ಭಾಷೆಗಳ ಜಾಗದಲ್ಲಿ ತಂದೆ ಹಿಂದಿ, ಇಂಗ್ಲಿಷು ಎಂದು ಬರೆಸುತ್ತಾನೆ, ಶಾಲೆಯಲ್ಲಿ ಕಲಿಯುತ್ತಿರುವುದು ಅವೇ ಆದ್ದರಿಂದ. ಒಳಗಿನಿಂದ ಅಜ್ಜಿ ‘ಯಾರ ಬಂದಾರೋ?’ ಎಂದು ಕೇಳುತ್ತಾಳೆ. ಹುಡುಗ ಮರಾಠಿಯಲ್ಲಿ ಹೇಳುತ್ತಾನೆ.